ಹೂಕುಂಡದ ಇನ್ಸುಲಿನ್

ಮೊನ್ನೆ ಅಂಗಡಿಯಲ್ಲಿ ಒಂದು ಇನ್ಸುಲಿನ್ ಬಾಟಲಿ ಕೈಜಾರಿ ಬಿದ್ದು ಒಡೆಯಿತು. ಹೆಬ್ಬೆರಳಿನ ಗಾತ್ರದ ಬಾಟಲಿ. ಚೂರುಗಳನ್ನು ಗುಡಿಸಿ ಕಾಗದದಲ್ಲಿ ಕಟ್ಟಿಟ್ಟೆ, ನೆಲವನ್ನು ಎರಡು ಸಲ ಒರೆಸಿದೆ. ವಾಸನೆ ಮಾತ್ರ ಸಂಜೆಯವರೆಗೂ ಹೋಗಲಿಲ್ಲ. ಇನ್ಸುಲಿನ್ನಿಗೆ ಒಂದು ವಾಸನೆಯಿದೆ ಎಂಬುದು ಅದನ್ನು ದಿನಾ ಚುಚ್ಚಿಕೊಳ್ಳುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಆಸ್ಪತ್ರೆಯ ಡ್ರೆಸಿಂಗ್ ಕೋಣೆಯನ್ನು ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಬಿಚ್ಚಿದರೆ ಹೇಗೋ ಹಾಗೆ. ಗಿರಾಕಿಯೊಬ್ಬರು ಮೂಗಿಗೆ ಟವಲು ಹಿಡಿದು, "ಏನಮ್ಮಾ, ಫಿನಾಯಿಲ್ ಚೆಲ್ಲಿದ್ಯಾ?" ಅಂದರು. ಹೌದು ಅಂದುಬಿಟ್ಟೆ. ಆ ವಾಸನೆ ಬಂದರೆ ನನಗೆ ಈಗೀಗ ಸಿಟ್ಟು ಬರುತ್ತದೆ. ಯಾರ ಮೇಲೆ, ಯಾತಕ್ಕೆ ಅನ್ನುವುದನ್ನು ಹೇಳುತ್ತೇನೆ. ಸ್ವಲ್ಪ ಸುತ್ತಿಬಳಸಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೊರಟಗೆರೆಯ ಒಂದು ಔಷಧಿ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟು. ನಮ್ಮ ವಂಶದಲ್ಲಿ ಪದವಿ ಎಂಬುದನ್ನು ಕಣ್ಣಾರೆ ಕಂಡವಳು ನಾನೇ ಮೊದಲು. ಅಪ್ಪ ಸಂತೆಯಲ್ಲಿ ಮೂಟೆ ಹೊರುತ್ತಿದ್ದ. ಅವ್ವನಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಬಣ್ಣ ನೋಡಿ ಹತ್ತುತ್ತಿದ್ದಳು, ಬಸ್ಸಿಗೆ ಹೊಸ ಬಣ್ಣ ಹೊಡೆಸಿದ ದಿನ ಹೊಳವನಹಳ್ಳಿಗೆ ಹೋಗಬೇಕಾದವಳು ಇನ್ನೆಲ್ಲೋ ಇಳಿಯುತ್ತಿದ್ದಳು. ಅಂಥ ಮನೆಯಿಂದ ಬಂದವಳಿಗೆ ಸ್ವಲ್ಪ ಜಂಬ ಇದ್ದರೆ ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು. ನನ್ನ ಲಗ್ನಪತ್ರಿಕೆಯಲ್ಲಿ ಹೆಸರಿನ ಪಕ್ಕ 'ಬಿ.ಫಾರ್ಮ್.' ಎಂದು ಅಚ್ಚಾಗಲೇಬೇಕೆಂದು ಹಟ ಹಿಡಿದವಳು ನಾನು. ಗಂಡಿನ ಹೆಸರಿನ ಪಕ್ಕ ಹಾಕುವುದಕ್ಕೆ ಏನೂ ಇರಲಿಲ್ಲ, ಪಾಪ. ಅಂಗಡಿಯ ಗೋಡೆಯ ಮೇಲೆ ಫಾರ್ಮಸಿಸ್ಟಿನ ಸರ್ಟಿಫಿಕೇಟು ತೂಗುಹಾಕಬೇಕೆಂದು ಕಾನೂನಿದೆ. ಕಾನೂನು ಇಲ್ಲದಿದ್ದರೂ ನಾನು ತೂಗುಹಾಕುತ್ತಿದ್ದೆ.

ಆ ಸರ್ಟಿಫಿಕೇಟಿನ ಹಿಂದೆ ನಮ್ಮ ಹನುಮಕ್ಕ ಚಿಕ್ಕಮ್ಮ ಇದ್ದಾಳೆ. ಅವ್ವನ ತಂಗಿ. ಅವಳನ್ನು ಪಾವಗಡದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ಕಡೆ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಸಂಸಾರ ಮಾಡುತ್ತವೆ. ಗಂಡ ಬೇಗ ತೀರಿಕೊಂಡ. ಮಕ್ಕಳಿಲ್ಲ. ಆ ಭಾಗದ ಹೆಂಗಸರು ಮನೆಗೆಲಸಕ್ಕೆಂದು ಸಮುದ್ರ ದಾಟುವುದು ಹೊಸದೇನಲ್ಲ, ಇವಳೂ ದಾಟಿದಳು. ಅಲ್ಲಿ ದುಡಿದು ಇಲ್ಲಿ ನನ್ನನ್ನು ಓದಿಸಿದಳು. ನಮ್ಮ ಊರಿನವರಿಗೆ ಸಮುದ್ರದಾಚೆ ಇರುವುದೆಲ್ಲ ದುಬೈಯೇ. ಇವಳು ಹೋದದ್ದು ದುಬೈಗಲ್ಲ. ಯಾವ ದೇಶಕ್ಕೆಂದು ನಾನು ಬರೆಯುವುದಿಲ್ಲ. ಬರೆದ ಕೂಡಲೇ ನೀವು 'ಹಾಗಾದರೆ ಇವಳು ಯಾರ ಕಡೆ?' ಎಂದು ಕೇಳುತ್ತೀರಿ. ನನ್ನ ಮಾತು ಅಲ್ಲಿಗೇ ಸತ್ತುಹೋಗುತ್ತದೆ.

ಅವಳ ಕೆಲಸ ಒಬ್ಬ ಮುದುಕಿಯನ್ನು ನೋಡಿಕೊಳ್ಳುವುದು. ಸಕ್ಕರೆ ಕಾಯಿಲೆಯಿಂದ ಮುದುಕಿಯ ಒಂದು ಕಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದರು. ಬೆಳಿಗ್ಗೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು, ದಿನಕ್ಕೆರಡು ಸೂಜಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಚಿಕ್ಕಮ್ಮ ಸಿರಿಂಜಿನ ಗೆರೆ ಎಣಿಸಿ ಹನ್ನೆರಡು ವರ್ಷ ತಪ್ಪದೆ ಚುಚ್ಚಿದಳು. ಮುದುಕಿಗೆ ಇವಳ ಮಾತು ಬಾರದು, ಇವಳಿಗೆ ಮುದುಕಿಯ ಮಾತು ಬಾರದು. ಜಗಳಕ್ಕೆ ಅದೇನೂ ಅಡ್ಡಿಯಾಗಲಿಲ್ಲವಂತೆ. "ನಾನು ತೆಲುಗಲ್ಲಿ ಬೈತಿದ್ದೆ, ಅವಳು ಅವಳ ಭಾಷೇಲಿ ಬೈತಿದ್ಲು. ಇಬ್ರಿಗೂ ನೋವಾಗ್ತಿರ್ಲಿಲ್ಲ ಕಣೇ," ಎಂದು ರಜೆಗೆ ಬಂದಾಗ ಹೇಳಿ ನಗಿಸಿದ್ದಳು. ಕೊನೆಕೊನೆಗೆ ಮುದುಕಿ ನೀರು ಬೇಕಾದರೆ 'ನೀಳ್ಳು' ಅನ್ನುವಷ್ಟು ತೆಲುಗು ಕಲಿತಿದ್ದಳು.

ಇಂಥದ್ದರಲ್ಲಿ ಆ ಊರಿಗೆ ಯುದ್ಧ ಬಂತು. ಮುದುಕಿಯ ಮಗ ಹೆಂಡತಿ ಮಕ್ಕಳನ್ನು ಕಾರಿಗೆ ತುಂಬಿಕೊಂಡು ಗಡಿ ದಾಟಿದ. ಅಷ್ಟು ದೂರ ಕೂತು ಹೋಗುವ ಶಕ್ತಿ ತಾಯಿಗಿರಲಿಲ್ಲ. ಎರಡು ದಿನದಲ್ಲಿ ಬರುತ್ತೇವೆ ಅಂದರಂತೆ. ಅವರು ಕೆಟ್ಟವರೆಂದು ನಾನು ಹೇಳಲಾರೆ. ಯಾರನ್ನು ಹೊರುವುದು, ಯಾರನ್ನು ಬಿಡುವುದು ಅನ್ನುವ ಲೆಕ್ಕಕ್ಕೆ ಯುದ್ಧ ಒಳ್ಳೆಯವರನ್ನೂ ಕೂರಿಸುತ್ತದೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಚಿಕ್ಕಮ್ಮನ ಫೋನು ಬಂತು. ಕರೆಂಟಿನ ಕಾರ್ಖಾನೆಯ ಮೇಲೆ ಬಾಂಬು ಬಿದ್ದು ನಾಲ್ಕು ದಿನವಾಗಿತ್ತು. ಊರಿಗೆ ಊರೇ ಕತ್ತಲು. ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಫೋನು ಚಾರ್ಜು ಮಾಡಿಕೊಂಡಿದ್ದಳು.

"ಲೇ, ನೀನು ಓದಿದೋಳಲ್ವಾ, ಒಂದು ಮಾತು ಹೇಳು. ಫ್ರಿಜ್ಜು ಸತ್ತೋಗದೆ. ಬಿಸ್ಲು ನಮ್ ಪಾವಗಡದಂಗೇ ಹೊಡೀತಾ ಐತೆ. ಇಂಜೆಕ್ಷನ್ನು ಮೂರು ಬಾಟ್ಲಿ ಅವೆ. ಕೆಡ್ತವಾ?"

ನೋಡಿ, ಅವಳೇ ಓದಿಸಿದ ಓದನ್ನು ಅವಳಿಗೇ ತೋರಿಸುವ ಅವಕಾಶ ಮೊದಲ ಸಲ ಸಿಕ್ಕಿತ್ತು. ನಾನು ಗಂಟಲು ಸರಿಮಾಡಿಕೊಂಡು, ಎರಡರಿಂದ ಎಂಟು ಡಿಗ್ರಿಯಲ್ಲಿ ಇಡಬೇಕು, ನಾಲ್ಕು ದಿನ ಅಂಥ ಬಿಸಿಲಲ್ಲಿದ್ದರೆ ಅದರ ಗುಣಕ್ಕೆ ಭರವಸೆಯಿಲ್ಲ, ಎಂದೆಲ್ಲ ಪರೀಕ್ಷೆಯಲ್ಲಿ ಬರೆದಂತೆ ಹೇಳಿ, "ಅವನ್ನ ಬಳಸ್ಬೇಡ ಚಿಕ್ಕಮ್ಮ, ಎಸೆದುಬಿಡು," ಅಂದೆ.

ಚಿಕ್ಕಮ್ಮ ನಿಧಾನವಾಗಿ ಕೇಳಿದಳು.

"ಎಸ್ದು?"

"ಹೂಂ, ಎಸಿ," ಅಂದೆ.

"ಎಸ್ದು ಆಮೇಲೆ ಏನ್ ಚುಚ್ಚಲೇ ಮುಸಲಮ್ಮಂಗೆ? ನಿನ್ ಸರ್ಟಿಫಿಕೇಟಾ?"

ಮುಸಲಮ್ಮ ಅಂದರೆ ತೆಲುಗಿನಲ್ಲಿ ಮುದುಕಮ್ಮ. ಅಷ್ಟಕ್ಕೆ ಫೋನು ಕಟ್ಟಾಯಿತು. ಮಧುಗಿರಿಯಲ್ಲಿ ನನಗೆ ಪರಿಚಯದ ಡಾಕ್ಟರೊಬ್ಬರಿದ್ದಾರೆ. ಅವರಿಗೆ ಫೋನು ಮಾಡಿದೆ. "ಏನಮ್ಮಾ, ಎಸಿ ಅಂದ್ಯಾ? ಆದಷ್ಟೂ ತಂಪಾದ ಜಾಗದಲ್ಲಿಟ್ಟು ಅದನ್ನೇ ಬಳಸೋಕೆ ಹೇಳು. ಶಕ್ತಿ ಸ್ವಲ್ಪ ಕಮ್ಮಿಯಾದ್ರೂ ಇಲ್ಲದೇ ಇರೋದಕ್ಕಿಂತ ಎಷ್ಟೋ ಮೇಲು. ನೀನು ಓದಿರ್ತೀಯಲ್ಲ ಇದನ್ನ," ಅಂದರು. ಓದಿದ್ದೆ. ಆದರೆ ನನ್ನ ಓದೆಲ್ಲ ಕರೆಂಟಿರುವ ಊರಿನದು. ಗಾಬರಿಯಲ್ಲಿ ಮೊದಲು ನೆನಪಾದದ್ದು ಡಬ್ಬಿಯ ಮೇಲೆ ಅಚ್ಚಾಗಿರುವ ಎರಡು ಸಾಲು.

ಮತ್ತೆ ಫೋನು ಸಿಗುವ ಹೊತ್ತಿಗೆ ಮೂರು ದಿನ. ಅಷ್ಟರಲ್ಲಿ ಚಿಕ್ಕಮ್ಮ ನನ್ನ ಉತ್ತರಕ್ಕೆ ಕಾಯದೆ ತನ್ನ ದಾರಿ ಕಂಡುಕೊಂಡಿದ್ದಳು. ಬೇಸಿಗೆಯಲ್ಲಿ ನಮ್ಮಜ್ಜಿ ಬೆಣ್ಣೆ ಇಡುತ್ತಿದ್ದ ರೀತಿ ಅದು: ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೊಂದು ಒದ್ದೆ ಬಟ್ಟೆ, ಗಾಳಿಯಾಡುವ ನೆರಳು. ಆ ಊರಲ್ಲಿ ಮಡಕೆ ಎಲ್ಲಿ ಸಿಗಬೇಕು? ಬಾಲ್ಕನಿಯಲ್ಲಿ ಮುದುಕಿಯ ಸೊಸೆ ಇಟ್ಟಿದ್ದ ಮಣ್ಣಿನ ಹೂಕುಂಡಗಳಿದ್ದವು. ಗಿಡ ಕಿತ್ತು, ಕುಂಡದ ತಳದ ತೂತನ್ನು ಊರಿಂದ ಒಯ್ದಿದ್ದ ರಾಗಿಹಿಟ್ಟನ್ನು ಕಲಸಿ ಮುಚ್ಚಿ, ಒಂದರೊಳಗೊಂದು ಇಟ್ಟಿದ್ದಳು. ನಲ್ಲಿಯಲ್ಲಿ ನೀರು ನಿಂತು ಆಗಲೇ ವಾರ. ಮುದುಕಿಯ ಕೈ ಮುಖ ತೊಳೆದ ನೀರನ್ನೇ ಬೋಗುಣಿಯಲ್ಲಿ ಹಿಡಿದು ಮರಳಿಗೆ ಚಿಮುಕಿಸುತ್ತಿದ್ದಳು.

"ಕೈಯಿಟ್ಟು ನೋಡ್ದೆ ಕಣೇ, ಒಳಗೆ ತಣ್ಣಗದೆ. ಇಟ್ಟ ಬೆಣ್ಣೆ ಕೆಡ್ಲಿಲ್ಲ ಅಂದ್ಮೇಲೆ ಇದು ಕೆಡ್ತದಾ? ಗಿಡ ಕಿತ್ತಿದ್ಕೆ ಮುಸಲಮ್ಮ ಬೈದ್ಲು. ಬೈಲಿ, ಬೈಯೋಕೆ ಜೀವ ಬೇಕಲ್ಲ," ಅಂದಳು.

ನಾನು ಸುಮ್ಮನೆ 'ಸರಿ' ಅಂದೆ. ನನ್ನ ಹಿಂದಿನ ಗೋಡೆಯಲ್ಲಿ ಸರ್ಟಿಫಿಕೇಟು ತೂಗುತ್ತಿತ್ತು.

ಇಷ್ಟು ಹೊತ್ತಿಗೆ ಇಲ್ಲಿ ನಮ್ಮ ಜನ ಏನು ಮಾಡುತ್ತಿದ್ದರು ಗೊತ್ತೇ? ಟೀವಿ ನೋಡುತ್ತಿದ್ದರು. ಸ್ಟುಡಿಯೋದ ನೆಲದಿಂದ ಬಣ್ಣದ ಮಿಸೈಲು ಎದ್ದು ಹಾರುವುದು, ಹಿಂದೆ ಸೈರನ್ನು, ಕೋಟು ಹಾಕಿದವರ ಅರಚಾಟ. ಕಬಡ್ಡಿ ಪಂದ್ಯಕ್ಕಾದರೂ ಒಬ್ಬ ಅಂಪೈರು ಇರುತ್ತಾನೆ. ನಮ್ಮ ಅಂಗಡಿಗೆ ಪ್ರತಿ ತಿಂಗಳೂ ಬೀಪಿ ಮಾತ್ರೆಗೆ ಬರುವ ಯಜಮಾನರೊಬ್ಬರಿದ್ದಾರೆ. ಸಂಭಾವಿತರು, ಮೊಮ್ಮಕ್ಕಳಿಗೆ ಚಾಕಲೇಟು ಒಯ್ಯುವವರು. ಅವತ್ತು ಬಂದವರೇ ಕಣ್ಣರಳಿಸಿ, "ಅಬ್ಬಬ್ಬಾ, ಏನ್ ಏಟು ಕೊಟ್ರು ಕಣಮ್ಮ! ಒಂದೇ ಏಟಿಗೆ ಇಡೀ ಊರು ಕತ್ಲು!" ಅಂದರು.

"ಯಜಮಾನ್ರೇ, ಆ ಕತ್ಲಲ್ಲಿ ಆಸ್ಪತ್ರೆನೂ ಇರುತ್ತೆ," ಅಂದೆ.

"ಯುದ್ಧ ಅಂದ್ಮೇಲೆ ಅವೆಲ್ಲ ಇದ್ದದ್ದೇ ಬುಡಮ್ಮ."

ನನ್ನ ಕೈಯಲ್ಲಿ ಅವರ ಮಾತ್ರೆಯ ಚೀಟಿ ಇತ್ತು. "ಹಂಗಾದ್ರೆ ನಿಮ್ಮ ಬೀಪಿ ಮಾತ್ರೆ ಎರಡು ತಿಂಗಳು ಕೊಡಲ್ಲ. ಇದ್ದದ್ದೇ ಅಂದ್ಕೊಳ್ಳಿ."

"ಅಯ್ ಅದೆಂಗಾದಾತು? ಅದು ಬ್ಯಾರೆ ವಿಷ್ಯ!"

ಬ್ಯಾರೆ ವಿಷಯ! ನಮ್ಮ ಮಾತ್ರೆ ಬೇರೆ, ಅವರ ಮಾತ್ರೆ ಬೇರೆ. ನನಗೆ ಇಡೀ ಯುದ್ಧಕ್ಕಿಂತ ಆ ಒಂದು ಮಾತು ಹೆಚ್ಚು ಉರಿಯಿತು. ಮಾತ್ರೆ ಕೊಡದೆ ಕಳಿಸುವುದಕ್ಕಾಗುತ್ತದೆಯೇ? ಕೊಟ್ಟೆ. ಕೊಡುವುದೇ ನನ್ನ ಕೆಲಸ. ಯುದ್ಧ ಮಾಡುವವರಿಗೆ ಈ ಒಂದು ಸಣ್ಣ ವಿಷಯ ಯಾಕೆ ತಿಳಿಯುವುದಿಲ್ಲವೋ.

ನಮ್ಮ ದೇಶದವರನ್ನು ಬಸ್ಸಿನಲ್ಲಿ ಹೊರಗೆ ಕರೆದೊಯ್ಯುತ್ತಾರೆಂದು ಸುದ್ದಿ ಬಂತು. ಅವ್ವ ಫೋನು ಕಿತ್ತುಕೊಂಡು, "ಬಂದ್ಬುಡೇ ಹನುಮಿ, ನಿನ್ ಕಾಲಿಗೆ ಬೀಳ್ತೀನಿ," ಎಂದು ಅತ್ತಳು.

"ಬರಾಕೇನಕ್ಕಾ, ಬಂದೆ ಅನ್ಕೋ. ಇವಳ್ನ ಏನ್ ಮಾಡ್ಲಿ? ಒಲೆ ಮೇಲಿನ ಹಾಲಾ, ಇಳ್ಸಿಟ್ಟು ಬರಾಕೆ?" ಅಂದಳು ಚಿಕ್ಕಮ್ಮ. ಬಸ್ಸು ಹೋಯಿತು. ಇವಳು ಹತ್ತಲಿಲ್ಲ.

ಹೂಕುಂಡ ಮೋಸ ಮಾಡಲಿಲ್ಲ. ಒಂದು ಬಾಟಲಿ ಮುಗಿದು, ಎರಡನೆಯದು ಮುಗಿದು, ಮೂರನೆಯದು ಅರ್ಧಕ್ಕೆ ಬಂದರೂ ಮುದುಕಿ ಎದ್ದು ಕೂತು ಬೈಯುತ್ತಲೇ ಇದ್ದಳು. ಕೆಡದಂತೆ ಇಡುವುದಕ್ಕೆ ಚಿಕ್ಕಮ್ಮನಿಗೆ ಗೊತ್ತಿತ್ತು. ಮುಗಿಯದಂತೆ ಇಡುವುದು ಯಾವ ಅಜ್ಜಿಗೆ ಗೊತ್ತು? ಬೀದಿಯ ಔಷಧಿ ಅಂಗಡಿಗಳು ಬಾಗಿಲೆಳೆದಿದ್ದವು. ಆಸ್ಪತ್ರೆಯನ್ನು ನೆಲಮಾಳಿಗೆಗೆ ಇಳಿಸಿದ್ದರು. ರಕ್ತ ಸುರಿಯುವವರಿಗೇ ಅಲ್ಲಿ ಜಾಗವಿರಲಿಲ್ಲ. ಔಷಧಿ ತುಂಬಿದ ಲಾರಿಗಳು ಗಡಿಯಲ್ಲಿ ಸಾಲಾಗಿ ನಿಂತಿವೆ, ಒಳಗೆ ಬಿಡುತ್ತಿಲ್ಲ ಎಂದು ಪಕ್ಕದ ಮನೆಯವರು ಹೇಳಿದರಂತೆ. ಇದನ್ನು ಇನ್ನೊಮ್ಮೆ ಓದಿ. ಔಷಧಿ ಇರಲಿಲ್ಲ ಎಂದಲ್ಲ. ಇತ್ತು. ಲಾರಿಯಲ್ಲಿತ್ತು. ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟು ದೂರದಲ್ಲಿ ಔಷಧಿ ಇಟ್ಟುಕೊಂಡು ಒಬ್ಬ ಮುದುಕಿಯನ್ನು ಸಾಯಲು ಬಿಟ್ಟವರನ್ನು ನಾವು ಟೀವಿಯಲ್ಲಿ ನಾಯಕರು ಅನ್ನುತ್ತೇವೆ.

"ಅರ್ಧ ಅರ್ಧ ಚುಚ್ಲಾ?" ಎಂದು ಕೇಳಿದಳು ಒಂದು ದಿನ. ಮಧುಗಿರಿಯ ಡಾಕ್ಟರನ್ನು ವಿಚಾರಿಸಿಕೊಂಡು, ಬೇರೆ ದಾರಿಯಿಲ್ಲದಿದ್ದರೆ ಹಾಗೇ ಮಾಡು, ಊಟ ಕಡಿಮೆ, ನೀರು ಜಾಸ್ತಿ ಕೊಡು ಅಂದೆ. ಊಟ ತಾನಾಗಿಯೇ ಕಡಿಮೆಯಾಗಿತ್ತು. ನೀರು ಇರಲಿಲ್ಲ. ಮೂರನೆಯ ಬಾಟಲಿಯೂ ಖಾಲಿಯಾದ ಮೇಲಿನ ಫೋನಿನಲ್ಲಿ ಚಿಕ್ಕಮ್ಮ, "ನೀಳ್ಳು ನೀಳ್ಳು ಅಂತಾಳೆ ಕಣೇ, ಎಷ್ಟು ಕೊಟ್ರೂ ಸಾಲ್ದು. ಉಸುರು ಒಂಥರಾ ಆಡ್ತದೆ," ಅಂದಳು. ಅದು ಇನ್ಸುಲಿನ್ ಸಿಗದೆ ರಕ್ತ ವಿಷವಾಗುತ್ತಿರುವ ಗುರುತೆಂದು ನನಗೆ ಗೊತ್ತಿತ್ತು. ಈ ಸಲ ಪುಸ್ತಕ ಸರಿಯಾಗಿಯೇ ನೆನಪಿಗೆ ಬಂದಿತ್ತು. ಗೊತ್ತಿದ್ದೂ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ನಾನು ನಿಂತ ಜಾಗದಿಂದ ಎರಡು ಹೆಜ್ಜೆ ಆಚೆ ನಮ್ಮ ಅಂಗಡಿಯ ಫ್ರಿಜ್ಜಿನ ತುಂಬ ಇನ್ಸುಲಿನ್ ಇತ್ತು.

ಆ ಫೋನು ಬಂದ ಮೂರನೆಯ ದಿನ ಮುದುಕಿ ತೀರಿಕೊಂಡಳು. ಚಿಕ್ಕಮ್ಮ ಮತ್ತು ಪಕ್ಕದ ಮನೆಯವರು ಸೇರಿ ಮಣ್ಣು ಮಾಡಿದರು. ಯಾರೋ ಬಂದು ಒಂದು ಕಾಗದ ಬರೆದುಕೊಟ್ಟರು. ಅದರಲ್ಲಿ ಸಾವಿನ ಕಾರಣ 'ಸಕ್ಕರೆ ಕಾಯಿಲೆ' ಎಂದಿತ್ತಂತೆ. ಚಿಕ್ಕಮ್ಮ ಕೊನೆಗೆ ಹೇಗೋ ಗಡಿ ದಾಟಿ ಊರಿಗೆ ಬಂದು ಇಳಿದವಳು ಮೊದಲು ಹೇಳಿದ್ದೇ ಇದನ್ನು. ಅಳುತ್ತಾ ಅಲ್ಲ, ಹಲ್ಲು ಕಚ್ಚಿಕೊಂಡು ಹೇಳಿದಳು. "ಸಕ್ಕರೆ ಅಂತೆ! ಹನ್ನೆರಡು ವರ್ಷ ನನ್ ಕಣ್ಮುಂದೆ ಸಕ್ಕರೆ ಇಟ್ಕೊಂಡೇ ಬದುಕಿದ್ಲು. ಯಾವತ್ತೂ ಸಾಯ್ಲಿಲ್ಲ, ಇವತ್ತು ಸತ್ಲಾ?" ಬಾಂಬಿನಿಂದ ಸತ್ತವರನ್ನು ಎಣಿಸುವ ಪಟ್ಟಿಯೊಂದು ಎಲ್ಲೋ ಇರಬೇಕು. ಮುದುಕಿ ಆ ಪಟ್ಟಿಯಲ್ಲಿಲ್ಲ. ಸೂಜಿಮದ್ದು ಸಿಗದವರು, ಡಯಾಲಿಸಿಸ್ಸಿನ ಯಂತ್ರ ನಿಂತವರು, ಹೆರಿಗೆಗೆ ದಾರಿ ಸಿಗದವರು, ಕೊಳಕು ನೀರು ಕುಡಿದ ಕೂಸುಗಳು, ಯಾರೂ ಇರಲಾರರು. ಎಲ್ಲರಿಗೂ ಒಂದೊಂದು ಕಾಯಿಲೆಯ ಹೆಸರು ಸಿಕ್ಕಿರುತ್ತದೆ. ಯುದ್ಧ ಮಾಡಿದವರ ಕೈ ತೊಳೆಯುವುದಕ್ಕೆ ಅಷ್ಟು ಸಾಕು.

ಈ ಭಾನುವಾರ ಚಿಕ್ಕಮ್ಮನನ್ನು ನೋಡಲು ಪಾವಗಡದ ಬಸ್ಸು ಹತ್ತಿದೆ. ಟೀವಿಯಲ್ಲಿ ಮತ್ತೊಂದು ಯುದ್ಧ ನಡೆಯುತ್ತಿದೆ. ಹೋಗಿ ಕೂತು ಇನ್ನೂ ಕಾಫಿ ಕುಡಿದಿರಲಿಲ್ಲ, ಎದುರು ಮನೆಯ ನರಸಕ್ಕ ಬಂದು ಹೊಸಿಲ ಮೇಲೆ ಕೂತಳು.

"ಹನುಮಕ್ಕಾ, ನೀನು ಯುದ್ಧ ಕಣ್ಣಾರೆ ನೋಡಿದೋಳು. ಹೆಂಗಿರ್ತದೆ ಹೇಳು."

"ನಾನೇನೂ ನೋಡ್ಲಿಲ್ಲಮ್ಮ. ಒಬ್ಬ ಮುಸಲಮ್ಮಂಗೆ ಸೂಜಿಮದ್ದು ಸಿಗ್ಲಿಲ್ಲ. ಸತ್ತೋದ್ಲು."

ನರಸಕ್ಕನ ಮುಖ ಸಪ್ಪಗಾಯಿತು. "ಅಷ್ಟೇನಾ?"

"ಅಷ್ಟೇ. ಇನ್ನೆಷ್ಟು ಬೇಕಿತ್ತು ನಿಂಗೆ?"

ನಾನು ಬಾಯಿ ತೆರೆದೆ. ನರಸಕ್ಕನಿಗೆ ಎರಡು ಮಾತು ಬಿಸಿಯಾಗಿ ಹೇಳೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಕೇಳಿದಳು. "ತಪ್ಪಾಯ್ತು ಕಣಕ್ಕ. ಆಯಮ್ಮನ ಹೆಸ್ರೇನಿತ್ತು?"

ಮುದುಕಿಯ ಸಕ್ಕರೆ ಎಷ್ಟಿದೆ ಎಂದು ನಾನು ಕೇಳಿದ್ದೆ. ಎಷ್ಟು ಯೂನಿಟ್ಟು, ಎಷ್ಟು ಬಾಟಲಿ ಉಳಿದಿದೆ ಎಂದು ಕೇಳಿದ್ದೆ. ಇಷ್ಟು ದಿನ ಊರಿನವರ ಮೇಲೆ, ಟೀವಿಯವರ ಮೇಲೆ ಉರಿದು ಬೀಳುತ್ತಿದ್ದ ನಾನು ಅವಳ ಹೆಸರೊಂದನ್ನು ಕೇಳಿರಲಿಲ್ಲ.

"ಸಲ್ವಾ," ಅಂದಳು ಚಿಕ್ಕಮ್ಮ.

ಬಸ್ಸಿನಲ್ಲಿ ವಾಪಸು ಬರುವಾಗ ಟಿಕೆಟ್ಟಿನ ಹಿಂದೆ ಬರೆದುಕೊಂಡೆ, ಈಗ ಇಲ್ಲಿ ಬರೆಯುತ್ತಿದ್ದೇನೆ. ಸಲ್ವಾ. ಸಾವಿನ ಕಾರಣ: ಯುದ್ಧ.