ಎಡಗಡೆಯ ಧೂಳು

ಇವತ್ತು ಬೆಳಿಗ್ಗೆ ಎದುರುಮನೆ ಗೌರಕ್ಕನ ಮಗ ಹೊಸ ಕಾರು ತೊಳೆಯುತ್ತಿದ್ದ. ಆ ಶಾಂಪೂವಿನ ವಾಸನೆ ರಸ್ತೆ ದಾಟಿ ನಮ್ಮ ಅಡುಗೆಮನೆಯವರೆಗೂ ಬಂತು. ಕಾಫಿ ಸೋಸುತ್ತಿದ್ದವಳ ಕೈ ಹಾಗೇ ನಿಂತಿತು. ಬೇರೆಯವರಿಗೆ ಆ ವಾಸನೆಯಿಂದ ಭಾನುವಾರ ನೆನಪಾಗಬಹುದು. ನನಗೆ ಮಾತ್ರ ಅನುಮಾನ ಬರುತ್ತದೆ, ಎಲ್ಲೋ ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ.

ನಗಬೇಡಿ. ಅಜ್ಜಂಪುರದ ಪ್ರೈಮರಿ ಸ್ಕೂಲಿನಲ್ಲಿ ಅರ್ಧ ಆಯಸ್ಸು ಕಳೆದವಳು ನಾನು. "ಹೋಂವರ್ಕ್ ಮಾಡೀನಿ ಮಿಸ್, ಪುಸ್ತಕ ಮನೇಲೈತೆ" ಅನ್ನುವ ಮುಖಗಳನ್ನು ನೋಡಿ ನೋಡಿ, ನಿಜ ಹೇಳುವವರನ್ನೂ ಒಂದು ಸಲ ಕಣ್ಣು ಕಿರಿದು ಮಾಡಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ತರಕಾರಿಯವಳು ಕೇಳದೆ ಒಂದು ಹಿಡಿ ಕೊಸರು ಹಾಕಿದರೆ, ಮೊದಲು ತಕ್ಕಡಿ ನೋಡುತ್ತೇನೆ. ನಮ್ಮ ಮನೆಯವರು ಇದಕ್ಕೆ "ಅನುಮಾನಂ ಪೆದ್ದರೋಗಂ" ಎಂದು ಹೆಸರಿಟ್ಟಿದ್ದರು. ಅವರದು ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ. ಎಲ್ಲರನ್ನೂ ನಂಬಿ ಸಾಲ ಕೊಡುವವರು. ಇಬ್ಬರದೂ ಸರಾಸರಿ ತೆಗೆದರೆ ಒಂದು ಸಾಧಾರಣ ಮನುಷ್ಯನ ಬುದ್ಧಿ ಸಿಗುತ್ತಿತ್ತೇನೋ.

ಅವರ ಭಾನುವಾರ ಕಾರಿಗೇ ಮೀಸಲಾಗಿತ್ತು. ಸೆಕೆಂಡ್ ಹ್ಯಾಂಡ್ ಕಾರು, ಬಣ್ಣ ಬಿಳಿ. ನಮ್ಮ ಕಡೆಯದು ಎರೆಮಣ್ಣು. ನೆಂದರೆ ಅಂಟಿಕೊಂಡು ಬಿಡುವುದಿಲ್ಲ, ಒಣಗಿದರೆ ಎದ್ದು ಮೂಗಿಗೇ ಬರುತ್ತದೆ. ಇಂಥ ಊರಲ್ಲಿದ್ದು ಬಿಳಿ ಕಾರು ಕೊಂಡವರ ಬುದ್ಧಿಯ ಬಗ್ಗೆ ಹೆಂಡತಿಯಾಗಿ ನಾನು ಏನು ಹೇಳಲಿ! ಹಳೇ ಪಂಚೆ ಹರಿದು ಬಟ್ಟೆ ಮಾಡಿಟ್ಟುಕೊಂಡಿದ್ದರು. ಗಾಜಿಗೆ ಒಂದು, ಮೈಗೆ ಒಂದು, ಚಕ್ರಕ್ಕೆ ಒಂದು. ಚಕ್ರದ ಬಟ್ಟೆ ಮೈಗೆ ತಾಕಿದರೆ ಮಡಿ ಕೆಟ್ಟ ಹಾಗೆ. ಎ.ಸಿ. ಗಾಳಿ ಬರುವ ಸಂದಿಗಳಿಗೆ ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒರೆಸುತ್ತಿದ್ದರು. ಕೊನೆಯಲ್ಲಿ ಸ್ಟೇರಿಂಗ್ ಮುಂದಿನ ಕಪ್ಪು ಪ್ಲಾಸ್ಟಿಕ್ಕಿಗೆ ನನ್ನ ಬಾಟಲಿಯಿಂದಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆ.

"ನನ್ನ ತಲೆಗೆ ಒಂದಿನ ಹಿಂಗೆ ಎಣ್ಣೆ ಹಚ್ಚಿದೀರಾ?" ಎಂದು ಕೇಳಿದ್ದೆ.

"ನಿನ್ ತಲೆ ತಣ್ಣಗಾಗೋದಲ್ಲ ಕಣೇ, ಎಣ್ಣೆ ದಂಡ" ಅಂದಿದ್ದರು.

ಹಾಗಂತ ನನಗೆ ಕಾರಿನ ಮೇಲೆ ಹೊಟ್ಟೆಕಿಚ್ಚಿತ್ತು ಅಂದುಕೊಳ್ಳಬೇಡಿ. ಸ್ವಲ್ಪ ಇತ್ತು, ಅಷ್ಟೇ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ತೊಳೆದು ಮುಗಿಸಿ ಕೈ ಒರೆಸಿಕೊಂಡು ಬಂದವರ ಹಿಂದೆಯೇ ಹೋಗಿ ನೋಡಿದೆ. ಗೋಡೆಯ ನೆರಳಿಗಿದ್ದ ಎಡಗಡೆ ಬಾಗಿಲಿನ ಮೇಲೆ ಧೂಳು ಇದ್ದ ಹಾಗೇ ಇದೆ. "ಇದೇನ್ರೀ ಕಾಗೆ ಸ್ನಾನ!" ಅಂದೆ. ಬಂದು ಬಗ್ಗಿ ನೋಡಿ, "ಹೌದಲ್ಲ" ಎಂದು ಒರೆಸಿದರು. ಮುಂದಿನ ವಾರವೂ ಅದೇ ಕತೆ. ಆವತ್ತು ಗೌರಕ್ಕನಿಗೂ ಕೇಳಿಸಲಿ ಎಂದು ಜೋರಾಗಿಯೇ, "ಅರ್ಧ ಕಾರಿಗೆ ಮಾತ್ರ ಭಾನುವಾರವೇನು?" ಎಂದುಬಿಟ್ಟೆ. ಅವರು ಬಕೆಟ್ ಎತ್ತಿಕೊಂಡು ಒಳಗೆ ಹೋದರು. ಅದರ ಮುಂದಿನ ಭಾನುವಾರ ಬಕೆಟ್ ಹೊರಗೆ ಬರಲಿಲ್ಲ.

"ಯಾಕ್ರೀ?"

"ಹುಮ್ಮಸ್ಸೇ ಇಲ್ಲ ಕಣೇ. ಇವತ್ತು ತೊಳದ್ರೆ ನಾಳೆ ಧೂಳು."

ಇಷ್ಟು ವರ್ಷ ಇಲ್ಲದ ವೈರಾಗ್ಯ ಒಂದೇ ವಾರದಲ್ಲಿ ಬಂದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಅಷ್ಟರಲ್ಲಿ ಇನ್ನೊಂದು ಶುರುವಾಯಿತು. "ತರೀಕೆರೆಗೆ ಹೋಗ್ಬತ್ತೀನಿ" ಎಂದು ಹೊರಡುವರು, ಅದೂ ಬಸ್ಸಿನಲ್ಲಿ. ಮನೆ ಮುಂದೆ ಕಾರಿಟ್ಟುಕೊಂಡು ಬಸ್ಸಿಗೆ ಕಾಯುವ ಗಂಡಸನ್ನು ನೀವು ಕಂಡಿದ್ದೀರಾ? ಪಂಪಿನ ಸಾಮಾನು ತರಬೇಕು ಅನ್ನುವರು, ಬರುವಾಗ ಬರಿಗೈ. ಅಂಗಡಿಯ ಸಾಮಾನು ಯಾವಾಗಲೂ ಬರುತ್ತಿದ್ದುದು ಕಡೂರಿನಿಂದ. ತರೀಕೆರೆಯಲ್ಲಿ ಏನಿದೆ? ಯಾರಿದ್ದಾರೆ? ಒಗೆಯಲು ಹಾಕಿದ ಅಂಗಿಯನ್ನು ಮೂಸಿಯೂ ನೋಡಿದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಬಸ್ಸಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಏನೂ ಸಿಗದೆ ಇದ್ದದ್ದು ನನ್ನ ಅನುಮಾನವನ್ನು ಇನ್ನೂ ಬಲಪಡಿಸಿತು.

ಕೊನೆಗೆ ಒಂದು ಉಪಾಯ ಮಾಡಿದೆ. ನಾನೇ ಕಾರು ತೊಳೆದರೆ ಇವರಿಗೆ ರೋಷ ಬರಬಹುದು, ಬಟ್ಟೆ ಕಿತ್ತುಕೊಳ್ಳಬಹುದು. ಸೆರಗು ಸಿಕ್ಕಿಸಿಕೊಂಡು ಬಕೆಟ್ ಹಿಡಿದೆ. ಇವರು ಜಗಲಿಯ ಮೇಲೆ ಕೂತು ನೋಡುತ್ತಲೇ ಇದ್ದರು. ಚಕ್ರದ ಬಟ್ಟೆಯಲ್ಲಿ ಬೇಕೆಂದೇ ಬಾನೆಟ್ ಒರೆಸಿದೆ. ಊಹೂಂ. ಆದರೆ ಎಡಗಡೆ ಹಿಂದಿನ ಬಾಗಿಲು ಒಂದು ಕಡೆ ಒಳಕ್ಕೆ ಹೋಗಿರುವುದು ಕಣ್ಣಿಗೆ ಬಿತ್ತು. ಹೊಸ ಪೆಟ್ಟು! ಬಾಯಿಬಿಡಲಿಲ್ಲ. ಸಮಯ ಬಂದಾಗ ಹಿಡಿಯೋಣ ಎಂದು ಒಳಗೇ ಇಟ್ಟುಕೊಂಡೆ.

ನಮ್ಮ ಸೀಮೆಯಲ್ಲಿ ಒಂದು ಲೆಕ್ಕವಿದೆ. ಎತ್ತಿನ ಮೈ ತಿಕ್ಕಿ ತೊಳೆದು ಕೊಂಬು ಹೆರೆದರೆ, ಹಬ್ಬವಿಲ್ಲದ ದಿನವಾದರೆ, ಅದು ಸಂತೆಗೆ ಹೊರಟಿತು ಎಂದೇ ಅರ್ಥ. ಇವರು ತೊಳೆಯುವಾಗ ಯಾರೂ ಹಾಗೆ ಅಂದುಕೊಳ್ಳುತ್ತಿರಲಿಲ್ಲ, ಅದು ಊರಿಗೆಲ್ಲ ಗೊತ್ತಿದ್ದ ಹುಚ್ಚು. ಈಗ ತಿಂಗಳುಗಟ್ಟಲೆ ಧೂಳು ತಿಂದ ಕಾರನ್ನು ಹೆಂಡತಿಯೇ ನಿಂತು ತೊಳೆದಿದ್ದಾಳೆ. ಗೌರಕ್ಕ ನೋಡಿದಳು. ಅಲ್ಲಿಗೆ ಮುಗಿಯಿತು.

ಮಾರನೇ ದಿನವೇ ಪಕ್ಕದೂರು ಶಿವನಿಯಿಂದ ರುದ್ರಣ್ಣ ಬಂದ. ಹಿಂದೆ ದನದ ದಲ್ಲಾಳಿ, ಈಗ ಹಳೇ ಕಾರುಗಳ ದಲ್ಲಾಳಿ. ಹೆಗಲ ಟವೆಲ್ ಮಾತ್ರ ಅದೇ.

"ಕಾರು ಕೊಡ್ತೀರಂತೆ ಟೀಚರಮ್ಮ? ಮೈ ತೊಳ್ದೀರಂತಲ್ಲ!"

ನಾನು ನಕ್ಕು, ಇಲ್ಲಪ್ಪಾ ಅನ್ನುವಷ್ಟರಲ್ಲಿ ಇವರು ಒಳಗಿನಿಂದ ಬಂದು, "ಒಳ್ಳೇ ಗಿರಾಕಿ ಇದ್ರೆ ಕೊಟ್ಬಿಡಾಣ ರುದ್ರಣ್ಣ" ಅಂದರು.

ಈ ಕಾರಿನ ಬಾಗಿಲನ್ನು ನೆಂಟರು ಜೋರಾಗಿ ಹಾಕಿದರೆ ಊಟ ಬಿಡುತ್ತಿದ್ದ ಮನುಷ್ಯ ಇವರು! ಇನ್ನು ಅನುಮಾನವೇ ಇಲ್ಲ, ಏನೋ ದೊಡ್ಡದೇ ಇದೆ ಅಂದುಕೊಂಡೆ. ರುದ್ರಣ್ಣ ಎತ್ತಿನ ಹಲ್ಲು ನೋಡುವ ಹಾಗೆ ಟೈರುಗಳನ್ನು ನೋಡಿ, ಸುತ್ತು ಬಂದು, ಎಡಗಡೆ ನಿಂತ.

"ಬಾಗ್ಲು ಒಳಕ್ಕೋಗೈತಲ್ಲ ಸ್ವಾಮಿ, ಎಲ್ಲಿ ತಗುಲಿಸಿದ್ರಿ?"

ಸಿಕ್ಕಿಬಿದ್ದರು ಎಂದು ನಾನು ಇವರ ಮುಖವನ್ನೇ ನೋಡಿದೆ. ಇವರು ಬಂದು ಮುಂದಿನ ಬಾಗಿಲು ನೋಡಿದರು. "ಅದಲ್ಲ, ಹಿಂದುಗಡೇದು" ಅಂದ ರುದ್ರಣ್ಣ. ಆಮೇಲೆ ಇವರ ಅಂಗೈ ಬಾಗಿಲ ಮೇಲೆ ಮೆಲ್ಲಗೆ ಹರಿದು, ಆ ತಗ್ಗಿನಲ್ಲಿ ನಿಂತಿತು.

"ಇದು ಯಾವಾಗ ಆಯ್ತು?" ಅಂದರು.

ಸುಳ್ಳು ಹೇಳುವ ಮಕ್ಕಳ ಮುಖ ನನಗೆ ಗೊತ್ತು. ಇದು ಆ ಮುಖವಲ್ಲ. ಅವರಿಗೆ ನಿಜವಾಗಿಯೂ ಕಂಡಿರಲಿಲ್ಲ. ಎಡಗಡೆಯ ಧೂಳೂ ಕಂಡಿರಲಿಲ್ಲ. ರುದ್ರಣ್ಣನಿಗೆ ಏನೋ ಒಂದು ಹೇಳಿ ಕಳಿಸಿದೆ.

ಬಾಗಿಲು ಹಾಕಿಕೊಂಡು ಕೇಳಿದಾಗ ಎಲ್ಲವನ್ನೂ ಹೇಳಿದರು. ಎಡಗಣ್ಣು ಹೆಚ್ಚುಕಮ್ಮಿ ಹೋಗಿದೆ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುವ ಕಾಯಿಲೆಯಂತೆ, ಹೋದದ್ದು ಬರುವುದಿಲ್ಲವಂತೆ. ಬಲಗಣ್ಣಿಗೂ ಶುರುವಾಗಿದೆ, ನೆರಳಿದ್ದ ಕಡೆ ಮಸುಕು; ಹನಿ ಹಾಕುತ್ತಾ ಉಳಿಸಿಕೊಳ್ಳಬೇಕು. ತರೀಕೆರೆಯಲ್ಲಿ ಇದ್ದದ್ದು ಕಣ್ಣಿನ ಡಾಕ್ಟರು.

"ಬೀರೂರು ರಸ್ತೇಲಿ ಎಡಗಡೆಯಿಂದ ಒಂದು ಬೈಕ್ ಬಂತು ಕಣೇ. ಮುಂದೆ ಪಾಸಾದ್ಮೇಲೇ ನಂಗೆ ಕಂಡಿದ್ದು. ಟ್ಯಾಂಕ್ ಮೇಲೆ ಮಗು ಕೂತಿತ್ತು. ಆವತ್ತಿಂದ ಕೀಲಿ ಮುಟ್ಟಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಹೆದರ್ತೀಯ ಅಂತ" ಅಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ಇಲ್ಲ, ನಾನೇ ಹೆದರ್ಕಂಡಿದ್ದೆ" ಅಂದರು.

ಜಗತ್ತನ್ನೆಲ್ಲ ಅನುಮಾನಿಸಿದ ನಾನು ಅವರ ಕಣ್ಣನ್ನು ಮಾತ್ರ ಅನುಮಾನಿಸಿರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಾರು ಕೊಡಲಿಲ್ಲ. ರಿಟೈರ್ ಆಗುವ ವಯಸ್ಸಿನಲ್ಲಿ ನಾನೇ ಡ್ರೈವಿಂಗ್ ಕಲಿತೆ. ಕಲಿಸಿದವನು ಪುಣ್ಯಾತ್ಮ, ಇನ್ನೂ ಬದುಕಿದ್ದಾನೆ. ತರೀಕೆರೆಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ, ಸಂಜೆ ಬಲಗಣ್ಣಿಗೆ ಹನಿ ಹಾಕುವುದೂ ನಾನೇ, ಅವರ ಮೇಲೆ ನಂಬಿಕೆ ಇಲ್ಲ. ಮೊದಮೊದಲು ಕಾರನ್ನೂ ಅವರಷ್ಟೇ ಶ್ರದ್ಧೆಯಿಂದ ತೊಳೆದೆ. ಬೆಂಕಿಕಡ್ಡಿಗೆ ಹತ್ತಿಯನ್ನೂ ಸುತ್ತಿದೆ. ಆಮೇಲೆ ಸೊಂಟ ಹಿಡಿಯಿತು, ಆಮೇಲೆ ಬೇಸರ ಹಿಡಿಯಿತು. ಕಾರು ನನಗೆ ಬಂತು, ಹುಮ್ಮಸ್ಸು ಬರಲಿಲ್ಲ. ಮಳೆ ಬಂದಾಗ ಹೊರಗೆ ನಿಲ್ಲಿಸುತ್ತೇನೆ, ಅದೇ ಅದರ ಸ್ನಾನ.

ಇವತ್ತು ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ಮುಂದೆ ನಮ್ಮ ಕಾರು. ರಸ್ತೆ ಅಗೆದು ಹಾಕಿದ್ದಾರೆ, ತಿಂಗಳಿಂದ ನಾನು ಕಾರಿಗೆ ಬಟ್ಟೆ ಮುಟ್ಟಿಸಿಲ್ಲ. ಅದರ ಮೈಮೇಲೆ ಬೆರಳಲ್ಲಿ ಅ ಆ ಇ ಈ ಬರೆಯಬಹುದಿತ್ತು.

ಇವರು ಅದರ ಕಡೆ ನೋಡಿ, "ಏನ್ ಹೊಳೀತದೆ ನೋಡೇ! ಯಾವಾಗ ತೊಳ್ದೆ?" ಅಂದರು.

ನನ್ನನ್ನು ಛೇಡಿಸುತ್ತಿದ್ದಾರೆ ಎಂದು ತಟ್ಟನೆ ತಿರುಗಿದೆ. ಅವರು ಛೇಡಿಸುವಾಗ ಮೀಸೆಯ ತುದಿ ಅಲ್ಲಾಡುತ್ತದೆ. ಕಣ್ಣು ಕಿರಿದು ಮಾಡಿ ಎಷ್ಟು ಹೊತ್ತು ನೋಡಿದರೂ ಅದು ಅಲ್ಲಾಡಲಿಲ್ಲ. ಸಂತೋಷವಾಗಿ ಕಾರನ್ನೇ ನೋಡುತ್ತಿದ್ದರು. ಹಿಂದಿನ ನಾನಾಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದೆ, ಬೆರಳು ಎತ್ತಿ ಎಷ್ಟು ಹೇಳಿ ನೋಡೋಣ ಅನ್ನುತ್ತಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ.

"ಬೆಳಿಗ್ಗೆ" ಅಂದೆ.

ನಾಳೆ ಬೆಳಗಾಗುತ್ತಲೇ ತರೀಕೆರೆಗೆ ಹೊರಡಬೇಕು. ಆದರೆ ಈಗ ಅವರು ಒಳಗೆ ಹೋಗಿ ಮಲಗಿದ್ದಾರೆ. ಸದ್ದಾಗದಂತೆ ಬಕೆಟ್ ತುಂಬಿಸಿಕೊಂಡು ಬಂದಿದ್ದೇನೆ. ಅವರು ಎದ್ದು ಹೊರಗೆ ಬರುವಷ್ಟರಲ್ಲಿ ಅವರು ಹೇಳಿದ್ದು ನಿಜವಾಗಿರಬೇಕು.