ಭಂಡಾರ ಎತ್ತದ ಹುಡುಗಿ

ಏ ಕಟ್ಟಿ ಮ್ಯಾಲ ಕುಂತವರ, ಚಾ ಆಮ್ಯಾಲ ಕುಡೀರಂತ, ಫೋನ್ ಜರಾ ಕಿವಿ ಹತ್ರ ತರ್ರಿ. ಪ್ರಾಜಕ್ತಾನ ಸುದ್ದಿ ಹೇಳ್ತೀನಿ, ಕೇಳ್ರಿ.

ನಮ್ಮ ಅನಂತಪುರದಾಚೆ ದ್ರಾಕ್ಷಿ ತೋಟದ ಮನೆಯ ಹುಡುಗಿ ಆಕೆ. ಚಿಕ್ಕಂದಿನಿಂದ ಎಲ್ಲದಕ್ಕೂ ‘ಯಾಕ?’ ಅನ್ನುವವಳು. ಓಣಿಯಲ್ಲಿ ಕೋಳಿ ಕಳೆದರೂ ಸಾಕು, ನಮ್ಮ ಪೊಲೀಸ್ ಫೌಜದಾರ್ತಿಯನ್ನು ಕರೆಯಿರಿ ಎಂದು ಆಕೆಯನ್ನು ತೋರಿಸಿ ನಗುತ್ತಿದ್ದರು. ಮುಂದೆ ಬೆಳಗಾವಿಯಲ್ಲಿ ಅಪರಾಧಶಾಸ್ತ್ರ, ಮನಃಶಾಸ್ತ್ರ ಎರಡನ್ನೂ ಹಿಡಿದು ಓದಲು ಕುಳಿತಾಗ ಯಾರಿಗೂ ಅಚ್ಚರಿಯಾಗಲಿಲ್ಲ.

ಕೊನೆಯ ವರ್ಷಕ್ಕೆ ಬೇಕಾದ ವಿಷಯಗಳನ್ನು ತಾವೇ ಆರಿಸಬೇಕಿತ್ತು. ಉಳಿದವು ಸಲೀಸಾಗಿ ಆದವು, ಕಡೆಯದೊಂದಕ್ಕೆ ಆಕೆ ತಡೆದು ನಿಂತಳು. ಒಂದೋ ಜೈಲಿನ ಆಡಳಿತ, ಇಲ್ಲವೇ ಅನುಮಾನದ ಸಾವುಗಳ ಅಧ್ಯಯನ. ಎರಡನೆಯದನ್ನು ಹಿಡಿದವರು ತಮ್ಮ ತಾಲೂಕಿನ ಹಳೆಯ ಸಾವೊಂದನ್ನು ಆರಿಸಿ, ಮನೆಯವರನ್ನು ಮಾತಾಡಿಸಿ, ಸತ್ತವರ ಕೊನೆಯ ದಿನಗಳನ್ನು ಜೋಡಿಸಬೇಕು. ಆ ಸಂಜೆಯೇ ಗಡುವು.

ಆಕೆ ಸಾವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆಕೆ ಇನ್ನೂ ಶಾಲೆಯಲ್ಲಿದ್ದಾಗ ದಾನೇಶ್ವರಿ ಕಾಕಿ ತೋಟದ ಬಾವಿಯಲ್ಲಿ ಹೆಣವಾಗಿ ತೇಲಿದ್ದಳು. ಕಾಲು ಜಾರಿತು ಅಂದರು ಮನೆಯವರು, ಹಾಗೇ ದಾಖಲಾಯಿತು. ಮಣ್ಣು ಮಾಡಿ ಬಂದ ಮೇಲೆ ಕಾಕಿಯ ಗಂಡ, ಅಪ್ಪನ ತಮ್ಮ ಬಾಬಾಸಾಹೇಬ ಕಾಕಾ, ಮಂಗಸೂಳಿಯ ದೇವರು ಮಲ್ಲಯ್ಯನ ಭಂಡಾರವನ್ನು, ಆ ಅರಿಶಿನ ಪುಡಿಯನ್ನು, ತಾಟಿನಲ್ಲಿ ತಂದು ನಡುಮನೆಯಲ್ಲಿಟ್ಟ. ಬಾವಿಯ ಮಾತು ಇನ್ನು ಬಾಯಿಗೆ ಬರಬಾರದೆಂದು ಎಲ್ಲರೂ ಒಂದೊಂದು ಚಿಟಿಕೆ ಎತ್ತಿ ಹಣೆಗೆ ಹಚ್ಚಿಕೊಂಡರು. ಭಂಡಾರ ಎತ್ತಿದವರು ನಮ್ಮ ಕಡೆ ಮಾತು ಮುರಿಯುವುದಿಲ್ಲ. ಪ್ರಾಜಕ್ತಾ ಚಾಚಿದ ಕೈಯನ್ನು ಮಾತ್ರ ಹಿಂದಕ್ಕೆ ಸರಿಸಿದರು. ನಾಳೆ ಬೇರೆ ಮನೆಗೆ ಹೋಗುವ ಹೆಣ್ಣು, ಈ ಮನೆಯ ಆಣೆ ಅವಳಿಗೇಕೆ ಅಂದರು.

ಗಡುವಿನ ದಿನ ಪ್ರಾಜಕ್ತಾ ರಜೆಗೆಂದು ಮನೆಯಲ್ಲಿದ್ದಳು, ಮರುದಿನ ಬಸ್ಸಿಗೆ ಬೆಳಗಾವಿಗೆ ಮರಳುವವಳು. ಅಪ್ಪ ಅವ್ವ ಮದುವೆಗೆಂದು ನಿಪ್ಪಾಣಿಗೆ ಹೋಗಿದ್ದರು. ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಶಿವಗಂಗವ್ವನ ಪಕ್ಕದಲ್ಲಿ ಕುಳಿತು ಪ್ರಾಜಕ್ತಾ ಮೆಲ್ಲಗೆ ಮಾತು ತೆಗೆದಳು. ಕಾಕಿ ಯಡೂರಿನವಳು, ಕೃಷ್ಣೆಯಲ್ಲಿ ಈಜಿ ಬೆಳೆದವಳು. ಬಾವಿಗೆ ಬಿದ್ದರೆ ಮೇಲೆ ಬರಲಾರಳೇ?

“ನಾ ಭಂಡಾರ ಎತ್ತೀನಿ ಯವ್ವಾ. ನನ್ನ ಕೇಳಬ್ಯಾಡ.”

“ಕಾಲ ಜಾರಿದ್ದ ಖರೇ ಇದ್ರ ಆಣಿ ಯಾಕ ಬೇಕಾತು, ಆಯಿ?”

ಹಂಚಿನ ಮೇಲೆ ರೊಟ್ಟಿ ಕರಕಲಾಯಿತು. ಅಜ್ಜಿ ಅದನ್ನು ತಿರುವಿ ಹಾಕಲಿಲ್ಲ.

ಮಧ್ಯಾಹ್ನ ಕಾಕಾ ಊಟಕ್ಕೆ ಬಂದ. ಏನ್ ಫೌಜದಾರ್ರ, ಈ ವರ್ಷ ಯಾರನ್ನ ಹಿಡೀತೀರಿ ಎಂದು ಚೇಷ್ಟೆ ಮಾಡಿದ. ಪ್ರಾಜಕ್ತಾ ಎರಡೂ ವಿಷಯ ಬಿಡಿಸಿ ಹೇಳಿದಳು, ಮನಸ್ಸು ಎರಡನೆಯದರ ಮೇಲಿದೆ ಅಂದಳು. ಕಾಕಾನ ಕೈಯಲ್ಲಿನ ತುತ್ತು ತಾಟಿಗೆ ಮರಳಿತು. ಕೈ ತೊಳೆದು ದೇವರ ಕೋಣೆಗೆ ಹೋದವನು ಭಂಡಾರ ಹಿಡಿದು ಬಂದ.

“ಅವತ್ತ ನಿನ್ನೊಬ್ಬಾಕೀನ್ನ ಬಿಟ್ಟಿದ್ದು ತಪ್ಪಾತು, ಮಗಳ. ಇವತ್ತ ಎತ್ತು.”

ದನಿ ಎಂದಿಗಿಂತ ಮೆತ್ತಗಿತ್ತು. ಎತ್ತಿದರೆ ಮುಗಿಯಿತು, ಮಲ್ಲಯ್ಯನನ್ನು ನಂಬಿದವಳು ತಾನೂ. ಮತ್ತೆಂದೂ ಕಾಕಿಯ ಬಗ್ಗೆ ಕೇಳುವ ಹಾಗಿರಲಿಲ್ಲ. ಕೇಳುವವರು ಬೇರೆ ಯಾರೂ ಉಳಿದಿರಲಿಲ್ಲ.

“ನಾ ಬ್ಯಾರೆ ಮನಿಯಾಕಿ ಅಂತ ನೀವ ಅಂದಿದ್ರಲ್ಲ, ಕಾಕಾ. ನನಗ್ಯಾಕ?”

ಕಾಕಾ ಬೈಯಲಿಲ್ಲ. ಜೈಲಿನ ವಿಷಯ ಚಲೋ ಇದೆ, ಅದನ್ನೇ ತಗೋ ಎಂದಷ್ಟೇ ಹೇಳಿ, ಭಂಡಾರದ ತಾಟನ್ನು ಅಲ್ಲೇ ಬಿಟ್ಟು ತೋಟಕ್ಕೆ ನಡೆದ. ಆಕೆ ಫೋನ್ ತೆಗೆದು ಕಾಲೇಜಿನ ಅರ್ಜಿಯಲ್ಲಿ ಎರಡನೆಯದನ್ನು ಒತ್ತಿದಳು. ಯಾರ ಸಾವು ಎಂದು ಕೇಳಿದಲ್ಲಿ ದಾನೇಶ್ವರಿ ಎಂದು ಬರೆದಳು.

ಹೊತ್ತು ಮುಳುಗುವಾಗ ಕಾಕಾ ತಿರುಗಿ ಬಂದ. ಯಾವುದನ್ನು ಆರಿಸಿದೆ ಎಂದು ಕೇಳಿದ. ಆಕೆ ಸುಳ್ಳು ಹೇಳಲಿಲ್ಲ. ಆತ ಬಾವಿಯ ದಿಕ್ಕಿಗೆ ನೋಡಿದ.

“ನಾಳೆ ಬಸ್ ಬ್ಯಾಡ. ನಸುಕಿನ್ಯಾಗ ನಾನ ಕಾರಿನ್ಯಾಗ ಬಿಟ್ಟ ಬರ್ತೀನಿ. ಇಬ್ಬರ ಹೋಗೂಣು.”

ಯಾರನ್ನೂ ಬಸ್‌ಸ್ಟ್ಯಾಂಡಿನ ತನಕವೂ ಬಿಟ್ಟು ಬಂದವನಲ್ಲ ಆತ. ಆಕೆ ಒಳಗೆ ಬಂದಾಗ ಕತ್ತಲ ಮೂಲೆಯಿಂದ ಅಜ್ಜಿ ಆಕೆಯ ಮುಂಗೈ ಹಿಡಿದಳು, ಬಳೆ ಒಡೆಯುವಷ್ಟು ಬಿಗಿಯಾಗಿ. ಆಣೆ ಮುರಿಯದೆ, ಬೇಡ ಎಂದು ತಲೆ ಮಾತ್ರ ಆಡಿಸಿದಳು.

ಪ್ರಾಜಕ್ತಾ ಬಾಗಿಲಿಗೆ ಚಿಲಕ ಹಾಕಿ, ಹಾಸ್ಟೆಲಿನ ಗೆಳತಿ ಹೀನಾಗೆ ಕಾಕಾನ ಕಾರಿನ ನಂಬರು ಕಳಿಸಿದಳು. ಕೆಳಗೆ ಹೀಗೆ ಬರೆದಳು: “ನಾ ಬಸ್ಸಿಗೇ ಬರ್ತೀನಿ. ಮಧ್ಯಾಹ್ನದೊಳಗ ಬರಲಿಲ್ಲಂದ್ರ ಮೊದಲ ಈ ಕಾರ್ ಹುಡಕಸು, ಆಮ್ಯಾಲ ನಮ್ಮ ಬಾವಿ.”