ಎಣ್ಣಿ ಹೊಡೆದ ಹೊಲದ ಹುಳ

ಹೋದ ಬುಧವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ನಾನೊಂದು ಕೊಲೆ ಮಾಡುವುದರಲ್ಲಿದ್ದೆ. (ನಾಲ್ಕು ಎಂದರೆ ನಾಲ್ಕೇ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳ ಗಡಿಯಾರದಲ್ಲಿ ನಾಲ್ಕೂ ಐದು ಎಂಬುದಿಲ್ಲ.)

ಸಾಯಬೇಕಾಗಿದ್ದುದು ಒಂದು ಓತಿಕ್ಯಾತ.

ನಗಬೇಡಿ. ಅದು ನಮ್ಮ ಮನೆಯ ಪೇಷಂಟ್. ಸೊಸೆ ಸುಧಾ ಮೈಸೂರಿನವಳು. ಮದುವೆಯಾಗಿ ಸಿಂದಗಿಗೆ ಬಂದು ಆರು ತಿಂಗಳು. ಪರದೇಶದವರು ಗಡ್ಡದ ಹಲ್ಲಿ ಸಾಕಿ, ಅದಕ್ಕೆ ಜೀವಂತ ಹುಳ ತಿನ್ನಿಸುವುದನ್ನು ಕೇಬಲ್ ಟಿವಿಯಲ್ಲಿ ನೋಡಿದ್ದಳು. ಅಷ್ಟರಲ್ಲೇ ಬೆಕ್ಕಿನ ಬಾಯಿಂದ ತಪ್ಪಿಸಿಕೊಂಡ ಓತಿಕ್ಯಾತವೊಂದು ಹಿಂಗಾಲು ಮುರಿದುಕೊಂಡು ನಮ್ಮ ಹಿತ್ತಲಲ್ಲಿ ಬಿತ್ತು. ಇನ್ನೇನು ಬೇಕು? ಹಾಲು ಮೊಸರಿಡುವ ಹಳೇ ಜಾಳಿಗೆ ಕಪಾಟು ಅದರ ವಾರ್ಡ್ ಆಯಿತು. ಕೆಂಪಣ್ಣ ಎಂಬ ಹೆಸರೂ ಬಂತು.

ಓಣಿಯವರು ನಕ್ಕರು. ನಾನು ನಗಲಿಲ್ಲ. ಸಾಕುವುದಾದರೆ ನೆಟ್ಟಗೆ ಸಾಕಬೇಕು. ಚಾರ್ಟ್ ಬರೆದು ಕಪಾಟಿಗೆ ಅಂಟಿಸಿದೆ: ಎಂಟಕ್ಕೆ ಬಿಸಿಲು, ಒಂಬತ್ತಕ್ಕೆ ಹುಳ, ನಾಲ್ಕಕ್ಕೆ ಮತ್ತೆ ಹುಳ.

ಹುಳ ಎಲ್ಲಿಂದ ತರುವುದು? ನಮ್ಮ ಮನೆಯಲ್ಲಿ ಇರುವೆಗೂ ಪ್ರವೇಶವಿಲ್ಲ. ಮೊದಲ ದಿನ ಎರಡು ಮಿಡತೆ ಹಿಡಿದು, ಬಿಸಿನೀರಲ್ಲಿ ಅದ್ದಿ, ಸ್ವಚ್ಛ ಮಾಡಿ ಬಟ್ಟಲಲ್ಲಿಟ್ಟೆ. ಕೆಂಪಣ್ಣ ಮುಖ ತಿರುಗಿಸಿದ.

"ಅಲ್ಲಾಡಿದ್ರೆ ಮಾತ್ರ ತಿನ್ನೋದು, ಅತ್ತೆ."

ಒಂದು ಜೀವ ಉಳಿಸಲು ಇನ್ನೊಂದು ಜೀವಂತ ಜೀವವೇ ಬೇಕು! ಆಸ್ಪತ್ರೆಯ ಯಾವ ಡಯಟ್ ಚಾರ್ಟಿನಲ್ಲೂ ಇದಿರಲಿಲ್ಲ.

ಚಳಿಗಾಲ ಬೇರೆ. ಹಿತ್ತಲಲ್ಲಿ ಇನ್ನೊಂದು ಮಿಡತೆ ಸಿಗಲಿಲ್ಲ. ಎರಡು ದಿನದ ಉಪವಾಸಕ್ಕೆ ಕೆಂಪಣ್ಣನ ಎಲುಬು ಕಾಣತೊಡಗಿತು. ಸುಧಾಳ ಊಟವೂ ಅರ್ಧಕ್ಕೇ ನಿಲ್ಲುತ್ತಿತ್ತು. ಈ ಊರಿನಲ್ಲಿ 'ನನ್ನದು' ಎಂದು ಅವಳು ಹೇಳಿಕೊಂಡದ್ದು ಅದೊಂದನ್ನೇ ಎಂಬುದು ನನಗೆ ಆಗ ಹೊಳೆಯಿತು. ಬುಧವಾರ ಡಬ್ಬಿ ಕೊಟ್ಟು ಕಳಿಸಿದೆ: "ಕನ್ನೊಳ್ಳಿ ದಾರ್‍ಯಾಗ ಇಮಾಮಸಾಬನ ತೊಗರಿ ಹೊಲ ಐತಿ. ಕಾಯಿ ಕೊರಿಯೋ ಹಸರು ಹುಳ ಬಿದ್ದಾವಂತ. ಆರಿಸ್ಕೊಂಡು ಬಾ."

ಹನ್ನೆರಡು ಹುಳ ತಂದಳು.

ನಾಲ್ಕು ಗಂಟೆ. ಬಟ್ಟಲು ಒಳಗಿಟ್ಟೆ. ಹುಳ ಮಿಸುಕಲಿಲ್ಲ. ಕೆಂಪಣ್ಣ ನೋಡಿದ, ಕಣ್ಣು ಮುಚ್ಚಿದ. ನಾನು ಬಿಡುವವಳೇ? ಕಸಬರಿಗೆಯ ಕಡ್ಡಿಯಿಂದ ಒಂದು ಹುಳವನ್ನು ಅವನ ಮೂಗಿನ ಮುಂದೆ ಕುಣಿಸಿದೆ.

"ಬಲವಂತ ಬೇಡ, ಅತ್ತೆ."

"ಟೈಮಿಗೆ ಉಣ್ಣಬೇಕು. ನಾಳೆನೂ ಅಲ್ಲೇ ಹೋಗಿ ತಾ."

"ನಾನಂತೂ ಹೋಗಲ್ಲ. ಆ ಹೊಲದವರು ಕುಡೀತಾರೆ."

"ಇಮಾಮಸಾಬ? ಐದು ಹೊತ್ತು ನಮಾಜು ಮಾಡಾಂವ!"

"ಅವರೇ ಹೇಳಿದ್ದು! ದೂರದಿಂದ ಕೂಗಿದ್ರು, 'ಎಣ್ಣಿ ಹೊಡದೇನಿ, ಒಳಗ ಬರಬ್ಯಾಡ್ರೀ' ಅಂತ. ಡಬ್ಬಿ ಎತ್ಕೊಂಡು ಓಡಿಬಂದೆ."

ಕೆಂಪಣ್ಣ ಆಗಲೇ ಬಾಯಿ ತೆರೆದಿದ್ದ. ನಾನು ಕಡ್ಡಿಯನ್ನು ಹಿಂದಕ್ಕೆ ಎಳೆದ ರಭಸಕ್ಕೆ ಬಟ್ಟಲು ಉರುಳಿತು.

ಮೈಸೂರಿನಲ್ಲಿ ಎಣ್ಣೆ ಹೊಡೆಯುವುದೆಂದರೆ ಬಾಟಲಿ ಎತ್ತುವುದು. ನಮ್ಮಲ್ಲಿ ಎಣ್ಣಿ ಹೊಡೆಯುವುದೆಂದರೆ ಬೆಳೆಗೆ ವಿಷ ಸಿಂಪಡಿಸುವುದು. ಹುಳ ಕೊಲ್ಲುವ ವಿಷ! ಅರೆಜೀವದ ಆ ಹುಳಗಳನ್ನು ಟೈಮ್ ಟೇಬಲ್ ಹಿಡಿದು ತುರುಕುತ್ತಿದ್ದವಳು ನಾನು. ಬೇಡ ಎಂದವನು ಪೇಷಂಟ್. ಪೇಷಂಟ್ ಬೇಡ ಎಂದಾಗ ಯಾಕೆ ಎಂದು ಕೇಳಬೇಕೆಂದು ಹೊಸದಾಗಿ ಬಂದ ಎಷ್ಟು ನರ್ಸ್ ಹುಡುಗಿಯರಿಗೆ ನಾನೇ ಪಾಠ ಹೇಳಿಲ್ಲ? ಕೋಳಿ ಕೆದರದಂತೆ ಹುಳಗಳನ್ನು ಆಳವಾಗಿ ಹೂಳಿದೆವು. ಇಬ್ಬರೂ ಮೂರು ಸಲ ಸೋಪು ಹಚ್ಚಿ ಕೈ ತೊಳೆದೆವು.

ಮರುದಿನ ಸುಧಾಳನ್ನು ಕರೆದುಕೊಂಡು ಹೊಲಕ್ಕೆ ಹೋದೆ. ವಿಷಯ ಕೇಳಿ ಇಮಾಮಸಾಬ ಬದುವಿನ ಮೇಲೆ ಕುಳಿತೇಬಿಟ್ಟ.

"ತೋಬಾ ತೋಬಾ! ಅದಕ್ಕs ಏನ್ರಿ ಬಾಯಾರ, ತಂಗಿ ನನ್ನ ನೋಡಿ ಹಂಗ ಓಡಿದ್ದು? ನಾ ಅನ್ಕೊಂಡೆ, ಹಾವು ಕಂಡಿರಬೇಕಂತ!"

ಸುಧಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗು ಮಾತ್ರ ಮುಚ್ಚಲಿಲ್ಲ. ಈ ಊರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

"ಹುಳ ಬೇಕಂದ್ರ ಮೋಟರ್ ಮನಿ ಬಾಜೂಕ ಬರ್‍ರಿ," ಎಂದು ಅವನು ಮುಂದೆ ನಡೆದ. "ಅಲ್ಲಿ ಮೂರು ಸಾಲಿಗೆ ಎಣ್ಣಿ ಮುಟ್ಟಿಸಿಲ್ಲ." ಗಿಡದ ಕೆಳಗೆ ಚಾದರ ಹಾಸಿ ಅಲುಗಾಡಿಸಿದ. ಪಟಪಟನೆ ಉದುರಿದವು; ಒಂದೊಂದೂ ಜೀವಂತ, ತೆವಳಾಡುವ ಹುಳ. ಅವತ್ತು ಸಂಜೆ ಕೆಂಪಣ್ಣ ಏಳು ತಿಂದ. (ನಾಲ್ಕೂವರೆಗೆ. ಅವನಿಗೆ ಹಸಿವಾದಾಗ.)

ಚಾದರ ಮಡಚುವಾಗ ನಾನು ಕೇಳಿದ್ದೆ, "ಈ ಮೂರು ಸಾಲು ಯಾಕ ಬಿಟ್ಟೀಪಾ?"

"ಇದು ನಮ್ಮ ಮನಿ ಬ್ಯಾಳೀಗ್ರಿ. ಸಣ್ಣ ಹುಡುಗರು ಉಣ್ತಾವಲ್ರಿ."

"ಉಳಿದದ್ದು?"

"ಉಳಿದದ್ದು ಪ್ಯಾಟೀಗೆ ಹೋಗೋದ್ರಿ."

ಓತಿಕ್ಯಾತಕ್ಕೆ ಮೋಟರ್ ಮನೆಯ ಪಕ್ಕದ ಸಾಲು ಸಿಕ್ಕಿತು. ಇವತ್ತು ನಿಮ್ಮ ಒಲೆಯ ಮೇಲೆ ಬೇಯುತ್ತಿರುವುದು ಯಾವ ಸಾಲಿನ ಬೇಳೆ?